ಮೇಲ್ ನಿಂತರೆ ಶುಲ್ಕ ಯಾಕೆ ನಿಲ್ಲಬೇಕು? ಟಾಮ್‌ಕ್ಯಾಟ್ ಸರ್ವರ್‌ನ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಕೆಲವು ಪದವಿ ಕಾಲೇಜುಗಳನ್ನು ನಡೆಸುವ ಒಂದು ಶಿಕ್ಷಣ ಸಂಸ್ಥೆ. ಪ್ರವೇಶದ ಅರ್ಜಿ ತುಂಬುವುದು, ಶುಲ್ಕ ಕಟ್ಟುವುದು, ರಸೀದಿ ಪಡೆಯುವುದು ಎಲ್ಲವೂ ಒಂದೇ ಜಾವಾ ವೆಬ್ ಅಪ್ಲಿಕೇಶನ್‌ನಲ್ಲಿ ನಡೆಯುತ್ತಿತ್ತು. ಸಂಸ್ಥೆ ಯಾವುದು, ಯಾವ ಊರು, ಅಪ್ಲಿಕೇಶನ್ ಬರೆದುಕೊಟ್ಟವರು ಯಾರು, ಮೇಲ್ ಸೇವೆ ಯಾರದ್ದು ಎಂಬುದನ್ನೆಲ್ಲ ಇಲ್ಲಿ ಬಿಟ್ಟಿದೆ. ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದೆ. ತಾಂತ್ರಿಕ ಸಂಗತಿಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದೆ.

ಜಾವಾ 8, ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ 9, ಹಿಂದೆ ಮೈಎಸ್‌ಕ್ಯೂಎಲ್ ಡೇಟಾಬೇಸ್. ಮೊದಲು ಇದೆಲ್ಲ ಸಂಸ್ಥೆಯ ಸ್ವಂತ ಸರ್ವರ್ ಕೋಣೆಯಲ್ಲಿತ್ತು. ಪಕ್ಕದ ಯಂತ್ರದಲ್ಲಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಓಡುತ್ತಿತ್ತು. ಅಪ್ಲಿಕೇಶನ್ ಅದರ ಪೋರ್ಟ್ 25ಕ್ಕೆ (ಸರ್ವರ್‌ಗಳು ಮೇಲ್ ಪಡೆಯುವ ಬಾಗಿಲಿನ ಸಂಖ್ಯೆ) ಹೋಗಿ ಮೇಲ್ ಒಪ್ಪಿಸುತ್ತಿತ್ತು, ಪೋಸ್ಟ್‌ಫಿಕ್ಸ್ ಅದನ್ನು ಹೊರಗಿನ ಲೋಕಕ್ಕೆ ತಲುಪಿಸುತ್ತಿತ್ತು. ಒಂದೇ ಒಳಜಾಲದ ಯಂತ್ರಗಳಾದ್ದರಿಂದ ಯೂಸರ್‌ನೇಮ್ ಇಲ್ಲ, ಪಾಸ್‌ವರ್ಡ್ ಇಲ್ಲ, ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ಇಲ್ಲ. ವರ್ಷಗಟ್ಟಲೆ ಇದು ಯಾರ ಗಮನವನ್ನೂ ಬೇಡದೆ ನಡೆದಿತ್ತು.

ಸರ್ವರ್ ಕೋಣೆ ಖಾಲಿ ಮಾಡಬೇಕಾಗಿ ಬಂದಾಗ ಟಾಮ್‌ಕ್ಯಾಟ್ ಮತ್ತು ಡೇಟಾಬೇಸನ್ನು ಮೊದಲು ಕ್ಲೌಡ್‌ಗೆ ಸಾಗಿಸಿದರು. ಪೋಸ್ಟ್‌ಫಿಕ್ಸ್ ಯಂತ್ರ ಸದ್ಯಕ್ಕೆ ಕಚೇರಿಯಲ್ಲೇ ಉಳಿಯಿತು. ಕಚೇರಿಯ ಫೈರ್‌ವಾಲ್‌ನಲ್ಲಿ ಕ್ಲೌಡ್ ಯಂತ್ರದ ಐಪಿಗೆ ದಾರಿ ಬಿಟ್ಟು, ಅಪ್ಲಿಕೇಶನ್ ಹಳೆಯ ಹೆಸರು, ಹಳೆಯ ಪೋರ್ಟ್‌ನಲ್ಲೇ ಮೇಲ್ ಕಳಿಸುತ್ತದೆ ಎಂದುಕೊಂಡರು. ಸಾಗಣೆ ಆದಾಗ ಪ್ರವೇಶದ ಕಾಲವಲ್ಲ. ದಿನಕ್ಕೆ ಬೆರಳೆಣಿಕೆಯ ಜನ ಬರುತ್ತಿದ್ದರು, ದೋಷ ಕಣ್ಣಿಗೆ ಬೀಳಲಿಲ್ಲ.

ದೂರುಗಳು

ಪ್ರವೇಶ ತೆರೆದ ಮೇಲೆ ಮೂರು ಬಗೆಯ ದೂರು ಬಂದವು. ಇಮೇಲ್‌ಗೆ ಒಟಿಪಿ ಬರುತ್ತಿಲ್ಲ ಎಂಬುದು ಮೊದಲನೆಯದು. ‘ಸಲ್ಲಿಸಿ’ ಒತ್ತಿದರೆ ಪುಟ ಸುತ್ತುತ್ತಲೇ ಇರುತ್ತದೆ, ಒಮ್ಮೊಮ್ಮೆ ಇಡೀ ಸೈಟೇ ತೆರೆಯುವುದಿಲ್ಲ ಎಂಬುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಗಂಭೀರ: ಬ್ಯಾಂಕ್ ಖಾತೆಯಿಂದ ಶುಲ್ಕ ಕಡಿತವಾಗಿದೆ, ಅಪ್ಲಿಕೇಶನ್ ಮಾತ್ರ ‘ಪಾವತಿ ಬಾಕಿ’ ಎನ್ನುತ್ತಿದೆ.

ಮೇಲ್‌ನ ದೂರು ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ಹೋಯಿತು, ಸೈಟ್ ನಿಧಾನವೆಂಬ ದೂರು ಅಪ್ಲಿಕೇಶನ್ ಬರೆದವರಿಗೆ, ಹಣದ ದೂರು ಲೆಕ್ಕಪತ್ರ ವಿಭಾಗಕ್ಕೆ. ಮೂವರೂ ತಮ್ಮ ತಮ್ಮ ಭಾಗವನ್ನು ಪ್ರಾಮಾಣಿಕವಾಗಿ ಹುಡುಕಿದರು. ಮೂರೂ ಒಂದೇ ರೋಗದ ಲಕ್ಷಣಗಳು ಎಂದು ತಿಳಿಯುವ ಹೊತ್ತಿಗೆ ಮೊದಲ ಪಟ್ಟಿಯ ಕೊನೆಯ ದಿನ ಹತ್ತಿರ ಬಂದಿತ್ತು.

ಮೊದಲು ಮಾಡಿದ್ದು

ಅಪ್ಲಿಕೇಶನ್‌ನ ಲಾಗ್ ಫೈಲ್‌ನಲ್ಲಿ ಮೇಲ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಹೀಗಾಗಿ ಅಪ್ಲಿಕೇಶನ್ ಮೇಲ್ ಕಳಿಸಿದೆ, ಮುಂದೆಲ್ಲೋ ಕಳೆದುಹೋಗಿದೆ ಎಂಬ ತೀರ್ಮಾನಕ್ಕೆ ಬಂದರು. ನಿಜದಲ್ಲಿ ಮೇಲ್ ಕಳಿಸುವ ಕೋಡ್ ದೋಷವನ್ನು ಹಿಡಿದು ಪ್ರಿಂಟ್‌ಸ್ಟ್ಯಾಕ್‌ಟ್ರೇಸ್ (ದೋಷದ ವಿವರ ಮುದ್ರಿಸುವ ಜಾವಾ ಆದೇಶ) ಮಾಡಿ ಸುಮ್ಮನಾಗುತ್ತಿತ್ತು. ಅದರ ಸಾಲುಗಳು ಬೀಳುವುದು ಅಪ್ಲಿಕೇಶನ್‌ನ ಲಾಗ್‌ನಲ್ಲಲ್ಲ, ಟಾಮ್‌ಕ್ಯಾಟ್‌ನ ಲಾಗ್ಸ್ ಫೋಲ್ಡರಿನ ಕ್ಯಾಟಲಿನಾ.ಔಟ್ ಫೈಲ್‌ನಲ್ಲಿ. ಅಲ್ಲಿ ‘ಕುಡ್ ನಾಟ್ ಕನೆಕ್ಟ್ ಟು ಎಸ್‌ಎಂಟಿಪಿ ಹೋಸ್ಟ್, ಪೋರ್ಟ್ 25’ ಎಂಬ ಸಾಲು ಮತ್ತೆ ಮತ್ತೆ ಬಿದ್ದಿತ್ತು. ಎಸ್‌ಎಂಟಿಪಿ ಎಂದರೆ ಮೇಲ್ ಸಾಗಿಸುವ ಪ್ರೋಟೋಕಾಲ್; ಮೇಲ್ ಸರ್ವರ್‌ಗೆ ಸಂಪರ್ಕ ಸಿಗಲಿಲ್ಲ ಎಂದು ಆ ಸಾಲಿನ ಅರ್ಥ. ಟಾಮ್‌ಕ್ಯಾಟ್ ಮೇಲಿನ ಯಾವುದೇ ಮೇಲ್ ದೂರಿಗೆ ಮೊದಲು ತೆರೆಯಬೇಕಾದ ಫೈಲ್ ಇದೇ.

ಟಾಮ್‌ಕ್ಯಾಟನ್ನು ರೀಸ್ಟಾರ್ಟ್ ಮಾಡಿದಾಗ ಸೈಟ್ ಸರಿಹೋಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಹಿಡಿದುಕೊಂಡಿತು. ಮೆಮೊರಿ ಸಾಲದೆಂದು ಹೀಪ್ ಹೆಚ್ಚಿಸಿದರು, ಏನೂ ಬದಲಾಗಲಿಲ್ಲ. ಕಚೇರಿಯ ಲ್ಯಾಪ್‌ಟಾಪ್‌ನಿಂದ ಪೋಸ್ಟ್‌ಫಿಕ್ಸ್‌ನ ಪೋರ್ಟ್ 25ಕ್ಕೆ ಟೆಲ್‌ನೆಟ್ ಮಾಡಿದರೆ 220ರಿಂದ ಶುರುವಾಗುವ ಸ್ವಾಗತದ ಸಾಲು ಥಟ್ಟನೆ ಬಂತು. ಮೇಲ್ ಸರ್ವರ್ ಚೆನ್ನಾಗಿದೆ ಎಂಬ ಷರಾ ಬಿತ್ತು. ಲ್ಯಾಪ್‌ಟಾಪ್ ಇದ್ದದ್ದು ಪೋಸ್ಟ್‌ಫಿಕ್ಸ್ ಇದ್ದ ಕಟ್ಟಡದಲ್ಲೇ. ಆ ಪರೀಕ್ಷೆ ಪೋಸ್ಟ್‌ಫಿಕ್ಸ್ ಬದುಕಿದೆ ಎಂದು ತೋರಿಸಿತೇ ಹೊರತು ಕ್ಲೌಡ್ ಯಂತ್ರದಿಂದ ಅಲ್ಲಿಗೆ ದಾರಿಯಿದೆ ಎಂದಲ್ಲ. ಸಂಪರ್ಕದ ಪರೀಕ್ಷೆಯನ್ನು ಅಪ್ಲಿಕೇಶನ್ ಓಡುವ ಯಂತ್ರದಲ್ಲೇ, ಸಾಧ್ಯವಾದರೆ ಟಾಮ್‌ಕ್ಯಾಟ್ ಓಡುವ ಯೂಸರ್ ಆಗಿಯೇ ಮಾಡಬೇಕು.

ಥ್ರೆಡ್ ಡಂಪ್

ಸೈಟ್ ಹಿಡಿದುಕೊಂಡಿರುವಾಗಲೇ ಜೆಸ್ಟ್ಯಾಕ್ ಎಂಬ ಜಾವಾ ಸಾಧನದಿಂದ ಥ್ರೆಡ್ ಡಂಪ್ ತೆಗೆದರು, ಅಂದರೆ ಕೆಲಸ ನಡೆಸುವ ಒಂದೊಂದು ಥ್ರೆಡ್ (ಎಳೆ) ಕೋಡ್‌ನ ಯಾವ ಸಾಲಿನಲ್ಲಿದೆ ಎಂಬ ಪಟ್ಟಿ. ಹತ್ತು ಸೆಕೆಂಡ್ ಬಿಟ್ಟು ಇನ್ನೊಂದು, ಮತ್ತೆ ಹತ್ತು ಸೆಕೆಂಡ್ ಬಿಟ್ಟು ಮಗದೊಂದು. ಒಂದೇ ಡಂಪ್ ನೋಡಿದರೆ ಥ್ರೆಡ್ ಆ ಕ್ಷಣ ಎಲ್ಲಿದೆ ಎಂದಷ್ಟೇ ತಿಳಿಯುತ್ತದೆ. ಮೂರರಲ್ಲೂ ಅದೇ ಥ್ರೆಡ್ ಅದೇ ಸಾಲಿನಲ್ಲಿದ್ದರೆ ಅದು ಅಲ್ಲೇ ಸಿಕ್ಕಿಕೊಂಡಿದೆ ಎನ್ನಬಹುದು.

ಡಂಪ್‌ನಲ್ಲಿ ಬಹುಪಾಲು ಥ್ರೆಡ್‌ಗಳು ಡೇಟಾಬೇಸ್ ಕನೆಕ್ಷನ್ ಪೂಲ್‌ನ (ಹಂಚಿಕೊಂಡು ಬಳಸುವ ಕನೆಕ್ಷನ್‌ಗಳ ಸಂಗ್ರಹ) ಬಾರೋಆಬ್ಜೆಕ್ಟ್ ಎಂಬಲ್ಲಿ ಕಾಯುತ್ತಿದ್ದವು. ಅಂದರೆ ಡೇಟಾಬೇಸ್‌ಗೆ ಹೋಗಲು ಕನೆಕ್ಷನ್ ಸಿಗದೆ ಸಾಲುಗಟ್ಟಿದ್ದವು. ಟಾಮ್‌ಕ್ಯಾಟ್ 9ರ ಪೂಲ್‌ನಲ್ಲಿ ಮ್ಯಾಕ್ಸ್‌ಟೋಟಲ್ (ಒಟ್ಟು ಕನೆಕ್ಷನ್‌ಗಳ ಮಿತಿ) ಎಂದು ನಾವು ಬೇರೆ ಹೇಳದಿದ್ದರೆ ಅದರ ಬೆಲೆ 8. ಕನೆಕ್ಷನ್ ಸಿಗದಿದ್ದರೆ ಎಷ್ಟು ಹೊತ್ತು ಕಾಯಬೇಕೆಂಬುದಕ್ಕೆ ಮಿತಿಯೇ ಇಲ್ಲ. ಇಲ್ಲಿ ಎರಡನ್ನೂ ಬರೆದಿರಲಿಲ್ಲ. ಎಂಟು ಸಾಲದೆಂದು 50ಕ್ಕೆ ಏರಿಸಿದರು. ಬೆಳಿಗ್ಗೆ ಹನ್ನೊಂದಕ್ಕೆ ನಿಲ್ಲುತ್ತಿದ್ದ ಸೈಟ್ ಆ ದಿನ ಮಧ್ಯಾಹ್ನ ನಿಂತಿತು.

ಪ್ರಕರಣ ತಿರುಗಿದ್ದು ಅದೇ ಹಳೆಯ ಡಂಪನ್ನು ಇನ್ನೊಮ್ಮೆ ಓದಿದಾಗ. ಕಾಯುತ್ತಿರುವ ದೊಡ್ಡ ಗುಂಪನ್ನು ಬದಿಗಿಟ್ಟು, ಕಾಯದೆ ಇರುವವು ಯಾವು ಎಂದು ನೋಡಿದರು. ಸರಿಯಾಗಿ ಎಂಟು ಥ್ರೆಡ್‌ಗಳು. ಎಂಟರ ತುದಿಯಲ್ಲೂ ಒಂದೇ ಸಾಲು: ಪ್ಲೇನ್‌ಸಾಕೆಟ್‌ಇಂಪ್ಲ್‌ನ ಸಾಕೆಟ್‌ಕನೆಕ್ಟ್, ಅಂದರೆ ಜಾಲದ ಸಂಪರ್ಕ ಕೋರುವ ಜಾಗ. ಅದರ ಕೆಳಗೆ ಜಾವಾಮೇಲ್‌ನ (ಜಾವಾದಿಂದ ಮೇಲ್ ಕಳಿಸುವ ಲೈಬ್ರರಿ) ಸಾಕೆಟ್‌ಫೆಚರ್, ಅದರ ಕೆಳಗೆ ಎಸ್‌ಎಂಟಿಪಿಟ್ರಾನ್ಸ್‌ಪೋರ್ಟ್‌ನ ಓಪನ್‌ಸರ್ವರ್, ಇನ್ನೂ ಕೆಳಗೆ ಅಪ್ಲಿಕೇಶನ್‌ನ ಅರ್ಜಿ ಉಳಿಸುವ ಮೆಥಡ್. ಆ ಮೆಥಡ್ ಡೇಟಾಬೇಸ್ ಟ್ರಾನ್ಸಾಕ್ಷನ್ (ಪೂರ್ತಿ ಉಳಿಯುವ ಇಲ್ಲವೇ ಪೂರ್ತಿ ರದ್ದಾಗುವ ಬರಹ) ತೆರೆದು, ಅರ್ಜಿ ಬರೆದು, ಟ್ರಾನ್ಸಾಕ್ಷನ್ ಮುಗಿಸುವ ಮೊದಲೇ ಮೇಲ್ ಕಳಿಸಲು ಹೊರಡುತ್ತಿತ್ತು. ಮೇಲ್ ಸರ್ವರ್ ಉತ್ತರಿಸುವವರೆಗೂ ಡೇಟಾಬೇಸ್ ಕನೆಕ್ಷನ್ ಅದರ ಕೈಯಲ್ಲೇ ಇರುತ್ತಿತ್ತು.

ಈಗ ಲೆಕ್ಕ ಕೂಡಿತು. ಜಾವಾಮೇಲ್‌ನಲ್ಲಿ ಸಂಪರ್ಕಕ್ಕೆ, ಓದುವುದಕ್ಕೆ, ಬರೆಯುವುದಕ್ಕೆ ಇರುವ ಮೂರೂ ಟೈಮ್‌ಔಟ್‌ಗಳು ನಾವು ಹೊಂದಿಸದಿದ್ದರೆ ಅನಂತ. ಹಾಗಾಗಿ ಕೈಬಿಡುವ ತೀರ್ಮಾನ ಲಿನಕ್ಸ್‌ನದ್ದು. ಆ ಯಂತ್ರದಲ್ಲಿದ್ದ ಕರ್ನಲ್ (ಲಿನಕ್ಸ್‌ನ ತಿರುಳು), ಸಂಪರ್ಕ ಕೋರುವ ಎಸ್‌ವೈಎನ್ ಪ್ಯಾಕೆಟ್‌ಗೆ ಉತ್ತರ ಬಾರದಿದ್ದರೆ ಆರು ಸಲ ಮರುಪ್ರಯತ್ನ ಮಾಡುತ್ತದೆ. ಕಾಯುವ ಹೊತ್ತು 1, 2, 4 ಎಂದು ಇಮ್ಮಡಿಯಾಗುತ್ತ 64 ಸೆಕೆಂಡಿಗೆ ಹೋಗಿ, ಒಟ್ಟು 127 ಸೆಕೆಂಡ್ ಆದಮೇಲೆ ಸೋಲೊಪ್ಪುತ್ತದೆ. ಎಂಟು ಕನೆಕ್ಷನ್, ಒಂದೊಂದೂ 127 ಸೆಕೆಂಡ್ ಬಂದಿ. ಇಡೀ ಸೈಟ್ ನಿಮಿಷಕ್ಕೆ ನಾಲ್ಕು ಅರ್ಜಿಯನ್ನೂ ತಾಳಲಾರದು. ಐವತ್ತಕ್ಕೆ ಏರಿಸಿದ ಮೇಲೂ ನಿಮಿಷಕ್ಕೆ ಸುಮಾರು 23. ಪುಟ ಸುತ್ತುತ್ತಿರುವುದನ್ನು ಕಂಡು ವಿದ್ಯಾರ್ಥಿಗಳು ಮತ್ತೆ ಮತ್ತೆ ಬಟನ್ ಒತ್ತುತ್ತಿದ್ದರಿಂದ ಅಷ್ಟೂ ಉಳಿಯುತ್ತಿರಲಿಲ್ಲ.

ಹಣದ ದೂರಿನ ಮೂಲವೂ ಇಲ್ಲೇ ಇತ್ತು. ಪಾವತಿ ಗೇಟ್‌ವೇ ಹಣ ಪಡೆದ ಮೇಲೆ ಅಪ್ಲಿಕೇಶನ್‌ನ ಒಂದು ವಿಳಾಸಕ್ಕೆ ‘ಪಾವತಿ ಆಯಿತು’ ಎಂದು ತಿಳಿಸುತ್ತದೆ. ಅದನ್ನು ದಾಖಲಿಸಲು ಡೇಟಾಬೇಸ್ ಕನೆಕ್ಷನ್ ಬೇಕು. ಕನೆಕ್ಷನ್‌ಗಳೆಲ್ಲ ಮೇಲ್‌ಗಾಗಿ ಕಾಯುತ್ತಿದ್ದರಿಂದ ಗೇಟ್‌ವೇ ಉತ್ತರ ಸಿಗದೆ ಹಿಂದಿರುಗುತ್ತಿತ್ತು. ಒಂದು ಸ್ವಾಗತದ ಮೇಲ್ ಹೋಗದ ಕಾರಣಕ್ಕೆ ಇನ್ನೊಬ್ಬ ವಿದ್ಯಾರ್ಥಿಯ ಶುಲ್ಕ ದಾಖಲಾಗದೆ ಉಳಿಯಿತು. ಇಂಥ ಜೋಡಣೆ ಕೋಡ್ ಓದಿದರೆ ಎದ್ದು ಕಾಣುವುದಿಲ್ಲ, ಏಕೆಂದರೆ ಎಲ್ಲ ನೆಟ್ಟಗಿರುವಾಗ ಮೇಲ್ ಒಪ್ಪಿಸಲು ಕಣ್ಣುಮುಚ್ಚಿ ತೆರೆಯುವಷ್ಟೂ ಹೊತ್ತು ಹಿಡಿಯುವುದಿಲ್ಲ.

ಬದಲಾವಣೆ ಮಾಡಿದರೂ ಬದಲಾಗದ ಫೈಲ್

ಮೇಲ್ ಹೋಗುವಂತೆ ಮಾಡುವುದಕ್ಕಿಂತ ಮುಂಚೆ ಸೈಟ್ ನಿಲ್ಲದಂತೆ ಮಾಡಬೇಕೆಂದು ನಿಶ್ಚಯಿಸಿದರು. ಕೊನೆಯ ದಿನ ಹತ್ತಿರವಿದ್ದಾಗ ಇದು ಸರಿಯಾದ ನಿರ್ಧಾರ. ನೋಂದಣಿಗೆ ಇಮೇಲ್ ಒಟಿಪಿಯನ್ನು ತಾತ್ಕಾಲಿಕವಾಗಿ ಕೈಬಿಟ್ಟು, ಮೊದಲೇ ಇದ್ದ ಎಸ್‌ಎಂಎಸ್ ಒಟಿಪಿಯನ್ನಷ್ಟೇ ಉಳಿಸಿಕೊಂಡರು. ಮೇಲ್ ಸೆಷನ್‌ನ ರಿಸೋರ್ಸ್‌ಗೆ (ಮೇಲ್ ಸಂಪರ್ಕದ ಸೆಟ್ಟಿಂಗ್‌ಗಳಿರುವ ಜಾಗ) ಮೇಲ್.ಎಸ್‌ಎಂಟಿಪಿ.ಕನೆಕ್ಷನ್‌ಟೈಮ್‌ಔಟ್ ಎಂದು 5000 ಮಿಲಿಸೆಕೆಂಡ್ ಸೇರಿಸಿದರು. ಜೊತೆಗೆ ಮೇಲ್.ಡೀಬಗ್ ಅನ್ನು ಟ್ರೂ ಮಾಡಿದರು.

ಏನೂ ಆಗಲಿಲ್ಲ. ಥ್ರೆಡ್‌ಗಳು ಮೊದಲಿನಂತೆಯೇ ಸಿಕ್ಕಿಕೊಂಡವು. ಇಲ್ಲಿ ಸಹಾಯಕ್ಕೆ ಬಂದದ್ದು ಆ ಎರಡನೆಯ ಬದಲಾವಣೆ. ಡೀಬಗ್ ತೆರೆದಿದ್ದರೆ ಕ್ಯಾಟಲಿನಾ.ಔಟ್‌ನಲ್ಲಿ ‘ಡೀಬಗ್ ಎಸ್‌ಎಂಟಿಪಿ’ ಎಂಬ ಸಾಲುಗಳು ಬರಲೇಬೇಕು. ಒಂದೂ ಬಂದಿಲ್ಲ. ಟೈಮ್‌ಔಟ್ ಬೆಲೆ ತಪ್ಪಿರಬಹುದೇ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ತಿದ್ದಿದ ಫೈಲನ್ನು ಟಾಮ್‌ಕ್ಯಾಟ್ ಓದುತ್ತಿದೆಯೇ ಎಂದು ನೋಡಿದರು. ಓದುತ್ತಿರಲಿಲ್ಲ.

ತಿದ್ದಿದ್ದು ವಾರ್ ಫೈಲ್ (ಇಡೀ ಅಪ್ಲಿಕೇಶನ್ ಕಟ್ಟಿಟ್ಟ ಒಂದೇ ಫೈಲ್) ಒಳಗಿನ ಮೆಟಾ-ಇನ್ಫ್ ಫೋಲ್ಡರಿನ ಕಾಂಟೆಕ್ಸ್ಟ್.ಎಕ್ಸ್‌ಎಂಎಲ್. ಸಾಗಣೆಯ ಸಮಯದಲ್ಲಿ ಯಾರೋ ಅದೇ ಅಪ್ಲಿಕೇಶನ್‌ನ ಹೆಸರಿನಲ್ಲಿ ಒಂದು ಎಕ್ಸ್‌ಎಂಎಲ್ ಫೈಲನ್ನು ಟಾಮ್‌ಕ್ಯಾಟ್‌ನ ಕಾನ್ಫ್, ಕ್ಯಾಟಲಿನಾ, ಲೋಕಲ್‌ಹೋಸ್ಟ್ ಎಂಬ ಒಳಫೋಲ್ಡರಿನಲ್ಲಿ ಇಟ್ಟಿದ್ದರು. ಅಲ್ಲಿ ಫೈಲ್ ಇದ್ದರೆ ಟಾಮ್‌ಕ್ಯಾಟ್ ಅದನ್ನೇ ಹಿಡಿಯುತ್ತದೆ, ವಾರ್ ಒಳಗಿನದನ್ನು ಕಡೆಗಣಿಸುತ್ತದೆ. ತಪ್ಪೇನಿಲ್ಲ, ಪಾಸ್‌ವರ್ಡ್‌ನಂಥವನ್ನು ವಾರ್‌ನಿಂದ ಹೊರಗಿಡಲು ಅದೇ ಸರಿಯಾದ ಜಾಗ. ಅದು ಅಲ್ಲಿದೆ ಎಂದು ಎಲ್ಲೂ ಬರೆದಿಟ್ಟಿರಲಿಲ್ಲ, ಅಷ್ಟೇ.

ಆ ಫೈಲನ್ನು ತಿದ್ದಿದ ಕೂಡಲೇ ಡೀಬಗ್ ಸಾಲುಗಳು ಹರಿದುಬಂದವು. ಪೋರ್ಟ್ 25ಕ್ಕೆ ಪ್ರಯತ್ನ, ಐದು ಸೆಕೆಂಡ್, ಸೋಲು. ಸೈಟ್ ನಿಲ್ಲುವುದು ನಿಂತಿತು. ಮೇಲ್ ಇನ್ನೂ ಹೋಗುತ್ತಿರಲಿಲ್ಲ, ಆದರೆ ಶುಲ್ಕ ದಾಖಲಾಗತೊಡಗಿತು. ಯಾವುದೇ ಸೆಟ್ಟಿಂಗ್ ಬದಲಿಸುವಾಗ ಹೊರಗೆ ಕಾಣುವಂಥ ಇನ್ನೊಂದು ಬದಲಾವಣೆಯನ್ನೂ ಅದೇ ಫೈಲ್‌ನಲ್ಲಿ ಮಾಡುವುದು ಒಳ್ಳೆಯ ಅಭ್ಯಾಸ. ಫೈಲ್ ಓದಲ್ಪಟ್ಟಿದೆಯೋ ಇಲ್ಲವೋ ಎಂಬುದು ಮೊದಲ ನಿಮಿಷದಲ್ಲೇ ಇತ್ಯರ್ಥವಾಗುತ್ತದೆ.

ಟೈಮ್‌ಔಟ್ ಬಗ್ಗೆ ಇನ್ನೊಂದು ಮಾತು. ಈ ಪ್ರಾಪರ್ಟಿಗಳ ಹೆಸರಿನಲ್ಲಿ ಪ್ರೋಟೋಕಾಲ್ ಸೇರಿಕೊಂಡಿದೆ. ಪೋರ್ಟ್ 465ರಲ್ಲಿ ಎಸ್‌ಎಂಟಿಪಿಎಸ್ (ಮೊದಲಿನಿಂದಲೇ ಟಿಎಲ್‌ಎಸ್ ಬಳಸುವ ಎಸ್‌ಎಂಟಿಪಿ) ಪ್ರೋಟೋಕಾಲ್ ಬಳಸುವವರು ಮೇಲ್.ಎಸ್‌ಎಂಟಿಪಿ ಎಂದು ಶುರುವಾಗುವ ಪ್ರಾಪರ್ಟಿ ಬರೆದರೆ ಅದು ಲೆಕ್ಕಕ್ಕೇ ಬರುವುದಿಲ್ಲ, ಮೇಲ್.ಎಸ್‌ಎಂಟಿಪಿಎಸ್ ಎಂದೇ ಬರೆಯಬೇಕು. ತಪ್ಪಾಗಿ ಬರೆದರೂ ಯಾರೂ ಎಚ್ಚರಿಸುವುದಿಲ್ಲ.

ದಾರಿ ಎಲ್ಲಿ ಕಡಿದಿದೆ

ಕ್ಲೌಡ್ ಯಂತ್ರದಲ್ಲಿ ಟಿಸಿಪಿಡಂಪ್ (ಬಂದು ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಸಾಧನ) ಹಾಕಿ ನೋಡಿದರೆ ಎಸ್‌ವೈಎನ್ ಪ್ಯಾಕೆಟ್‌ಗಳು ಹೊರಡುತ್ತಿದ್ದವು. ಅದೇ ಹೊತ್ತಿಗೆ ಪೋಸ್ಟ್‌ಫಿಕ್ಸ್ ಯಂತ್ರದಲ್ಲೂ ಟಿಸಿಪಿಡಂಪ್ ಹಾಕಿದರೆ ಒಂದೂ ಬಂದು ತಲುಪುತ್ತಿರಲಿಲ್ಲ. ಕಚೇರಿಯ ಫೈರ್‌ವಾಲ್ ಲಾಗ್‌ನಲ್ಲೂ ಅವುಗಳ ಸುಳಿವಿಲ್ಲ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಥಟ್ಟನೆ ಬಂದಿದ್ದರೆ ಆ ತುದಿಯವರೆಗೆ ದಾರಿಯಿದೆ, ಕೇಳುವವರಿಲ್ಲ ಎಂದರ್ಥ. ಮೌನವಾಗಿ ಕಾಯಿಸಿ ಸಾಯಿಸುವುದಾದರೆ ನಡುವೆ ಯಾರೋ ಪ್ಯಾಕೆಟ್ ನುಂಗುತ್ತಿದ್ದಾರೆ. ಪೋರ್ಟ್‌ಗೆ ಸಂಪರ್ಕ ಸಿಗುತ್ತದೆಯೇ ಎಂದು ನೋಡುವ ಎನ್‌ಸಿ ಆದೇಶದಿಂದ ಅದೇ ಯಂತ್ರದಿಂದ ಹೊರಗಿನ ಬೇರೊಂದು ಮೇಲ್ ಸರ್ವರ್‌ನ ಪೋರ್ಟ್ 25 ಪರೀಕ್ಷಿಸಿದರೂ ಅದೇ ಮೌನ, 587 (ಪಾಸ್‌ವರ್ಡ್ ಕೊಟ್ಟು ಮೇಲ್ ಒಪ್ಪಿಸುವ ಪೋರ್ಟ್) ಪರೀಕ್ಷಿಸಿದರೆ ತಕ್ಷಣ ಸಂಪರ್ಕ.

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಸ್ಪ್ಯಾಮ್ ತಡೆಯಲು ದೊಡ್ಡ ಕ್ಲೌಡ್ ಸೇವೆಗಳು ತಮ್ಮ ಯಂತ್ರಗಳಿಂದ ಹೊರಹೋಗುವ ಪೋರ್ಟ್ 25 ಅನ್ನು ತಾವಾಗಿಯೇ ಮುಚ್ಚಿರುತ್ತವೆ. ಅಮೆಜಾನ್‌ನ ಇಸಿ2 ಮತ್ತು ಗೂಗಲ್ ಕ್ಲೌಡ್ ಎರಡರಲ್ಲೂ ಹೀಗೆಯೇ. ಯಂತ್ರದ ಫೈರ್‌ವಾಲ್ ನಿಯಮಗಳಲ್ಲಿ ಹೊರಹೋಗುವ ದಾರಿಯೆಲ್ಲ ತೆರೆದಿದೆ ಎಂದು ಕಾಣಿಸಿದರೂ ಈ ತಡೆ ಅದರ ಆಚೆ ಇರುತ್ತದೆ.

ಮುಂದಿನ ದಾರಿಗೆ ಮೂರು ಸಲಹೆ ಬಂದವು. ಪೋರ್ಟ್ 25 ತೆರೆಯುವಂತೆ ಕ್ಲೌಡ್ ಸೇವೆಗೆ ಅರ್ಜಿ ಹಾಕುವುದು. ಪೋಸ್ಟ್‌ಫಿಕ್ಸ್‌ನಲ್ಲಿ 587 ತೆರೆದು ಪಾಸ್‌ವರ್ಡ್ ಇಡುವುದು. ಅಪ್ಲಿಕೇಶನ್‌ಗಳ ಮೇಲ್ ಕಳಿಸಲೆಂದೇ ಇರುವ ಹೊರಗಿನ ಸೇವೆಯೊಂದನ್ನು 587ರಲ್ಲಿ ಬಳಸುವುದು. ಖಾಲಿಯಾಗಲಿರುವ ಕೋಣೆಯ ಯಂತ್ರದ ಮೇಲೆ ಹೊಸದಾಗಿ ಭಾರ ಹೊರಿಸುವುದು ಬೇಡವೆಂದು ಮೂರನೆಯದನ್ನು ಆರಿಸಿದರು.

587ಕ್ಕೆ ಹೋದ ಮೇಲೆ

ಹೋಸ್ಟ್, ಪೋರ್ಟ್, ಯೂಸರ್, ಪಾಸ್‌ವರ್ಡ್ ಬದಲಿಸಿ, ಸ್ಟಾರ್ಟ್‌ಟಿಎಲ್‌ಎಸ್.ಎನೇಬಲ್ ಮತ್ತು ಸ್ಟಾರ್ಟ್‌ಟಿಎಲ್‌ಎಸ್.ರಿಕ್ವಯರ್ಡ್ ಎರಡನ್ನೂ ಟ್ರೂ ಮಾಡಿದರು. ಎರಡನೆಯದು ಮುಖ್ಯ. ಮೊದಲನೆಯದೊಂದೇ ಇದ್ದರೆ, ಸರ್ವರ್ ಟಿಎಲ್‌ಎಸ್ ಇದೆಯೆಂದು ಹೇಳದಿದ್ದಾಗ ಜಾವಾಮೇಲ್ ಗೂಢಲಿಪಿ ಇಲ್ಲದೆಯೇ ಮುಂದುವರಿಯುತ್ತದೆ.

ಹೊಸ ದೋಷ ಬಂತು: ‘ಕುಡ್ ನಾಟ್ ಕನ್ವರ್ಟ್ ಸಾಕೆಟ್ ಟು ಟಿಎಲ್‌ಎಸ್’, ಅದರ ಒಳಗೆ ‘ನೋ ಅಪ್ರೋಪ್ರಿಯೇಟ್ ಪ್ರೋಟೋಕಾಲ್’. ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್‌ನಿಂದ ಅದೇ ಯಂತ್ರದಲ್ಲಿ ಪರೀಕ್ಷಿಸಿದರೆ ಟಿಎಲ್‌ಎಸ್ ಸಲೀಸಾಗಿ ಆಗುತ್ತಿತ್ತು. ಅಂದರೆ ದೋಷ ಜಾವಾದ ಒಳಗೇ ಇದೆ.

ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿನಲ್ಲಿದ್ದದ್ದು ಜಾವಾಮೇಲ್ 1.4.7. ಆ ಕಾಲದ ಜಾವಾಮೇಲ್, ಯಾವ ಪ್ರೋಟೋಕಾಲ್ ಬೇಕೆಂದು ನಾವು ಹೇಳದಿದ್ದರೆ ಟಿಎಲ್‌ಎಸ್ 1.0 ಒಂದನ್ನೇ ಕೇಳುತ್ತದೆ. ಇತ್ತ ಜಾವಾ 8, 2021ರ ಏಪ್ರಿಲ್‌ನ 291ನೇ ಅಪ್‌ಡೇಟ್‌ನಿಂದ ಟಿಎಲ್‌ಎಸ್ 1.0 ಮತ್ತು 1.1 ಅನ್ನು ನಿಷ್ಕ್ರಿಯ ಮಾಡಿದೆ. ಹೊಸ ಯಂತ್ರದಲ್ಲಿ ಹಾಕಿದ್ದು ಅದಕ್ಕಿಂತ ಹೊಸ ಜಾವಾ. ಕೇಳುವುದು ಒಂದೇ, ಅದಕ್ಕೂ ಅನುಮತಿಯಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಟಿಎಲ್‌ಎಸ್ ಬಳಸದ ಕಾರಣ ಈ ಜೋಡಿ ಎಂದೂ ಮುಖಾಮುಖಿಯಾಗಿರಲಿಲ್ಲ.

ಜಾವಾದ ಸೆಕ್ಯುರಿಟಿ ಫೈಲ್‌ನಲ್ಲಿ ನಿಷೇಧದ ಪಟ್ಟಿಯಿಂದ ಟಿಎಲ್‌ಎಸ್ 1.0 ಅಳಿಸಿಬಿಡೋಣ ಎಂಬ ಮಾತು ಬಂತು. ಹಾಗೆ ಮಾಡಿದರೆ ಆ ಯಂತ್ರದ ಎಲ್ಲ ಸಂಪರ್ಕಗಳೂ, ಪಾವತಿ ಗೇಟ್‌ವೇಯದ್ದೂ ಸೇರಿ, ದುರ್ಬಲ ಪ್ರೋಟೋಕಾಲ್‌ಗೆ ಬಾಗಿಲು ತೆರೆದುಕೊಳ್ಳುತ್ತವೆ. ಅದೂ ಅಲ್ಲದೆ ಆ ಮೇಲ್ ಸೇವೆ 1.2ಕ್ಕಿಂತ ಕೆಳಗಿನದನ್ನು ಒಪ್ಪುತ್ತಲೇ ಇರಲಿಲ್ಲ. ಮೇಲ್.ಎಸ್‌ಎಂಟಿಪಿ.ಎಸ್‌ಎಸ್‌ಎಲ್.ಟ್ರಸ್ಟ್‌ಗೆ ನಕ್ಷತ್ರದ ಗುರುತು ಕೊಡುವ ಸಲಹೆಯೂ ಬಂತು. ಅದು ಪ್ರಮಾಣಪತ್ರದ ಪರಿಶೀಲನೆಯನ್ನು ಕೈಬಿಡುವ ಸೆಟ್ಟಿಂಗ್, ಈ ದೋಷಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ನಿರಾಕರಿಸಿ ಮೇಲ್.ಎಸ್‌ಎಂಟಿಪಿ.ಎಸ್‌ಎಸ್‌ಎಲ್.ಪ್ರೋಟೋಕಾಲ್ಸ್‌ಗೆ ‘ಟಿಎಲ್‌ಎಸ್‌ವಿ1.2’ ಎಂದು ಬರೆದರು. ಮೊದಲ ಸಲ ಮೇಲ್ ಹೋಯಿತು.

ಜೊತೆಗೇ ಜಾವಾಮೇಲನ್ನು 1.6.2ಕ್ಕೆ ಏರಿಸಲು ಹೊರಟಾಗ ಇನ್ನೊಂದು ಗುಂಡಿ. ಅಪ್ಲಿಕೇಶನ್ ಬರೆದವರು ಹೊಸ ಜಾರನ್ನು (ಲೈಬ್ರರಿಯ ಫೈಲ್) ಮೇವನ್ ಎಂಬ ಕಟ್ಟುವ ಸಾಧನದ ಮೂಲಕ ವಾರ್ ಒಳಗೆ ಸೇರಿಸಿ ಕೊಟ್ಟರು. ಲಿಬ್ ಫೋಲ್ಡರಿನ ಹಳೆಯದೂ ಉಳಿದಿತ್ತು. ‘ಜಾವಾಎಕ್ಸ್.ಮೇಲ್.ಸೆಷನ್ ಅನ್ನು ಜಾವಾಎಕ್ಸ್.ಮೇಲ್.ಸೆಷನ್ ಆಗಿ ಬದಲಿಸಲಾಗದು’ ಎಂಬ ವಿಚಿತ್ರ ದೋಷ ಬಂತು. ಜೆಎನ್‌ಡಿಐ (ಸರ್ವರ್ ಇಟ್ಟುಕೊಂಡದ್ದನ್ನು ಹೆಸರು ಹೇಳಿ ಪಡೆಯುವ ಜಾವಾ ವಿಧಾನ) ಮೂಲಕ ಸೆಷನ್ ಕೊಡುವುದು ಟಾಮ್‌ಕ್ಯಾಟ್, ತನ್ನ ಲಿಬ್‌ನಲ್ಲಿರುವ ಕ್ಲಾಸ್‌ನಿಂದ. ಅದನ್ನು ಪಡೆಯುವ ಅಪ್ಲಿಕೇಶನ್ ನೋಡುವುದು ತನ್ನ ವೆಬ್-ಇನ್ಫ್‌ನ ಕ್ಲಾಸನ್ನು. ಹೆಸರು ಒಂದೇ ಆದರೂ ಎರಡು ಕ್ಲಾಸ್‌ಲೋಡರ್‌ಗಳು ತಂದದ್ದು ಜಾವಾಕ್ಕೆ ಎರಡು ಬೇರೆ ಬೇರೆ ಕ್ಲಾಸ್. ಜೆಎನ್‌ಡಿಐ ಬಳಸುವುದಾದರೆ ಜಾರ್ ಲಿಬ್‌ನಲ್ಲಿ ಮಾತ್ರ ಇರಬೇಕು, ಮೇವನ್‌ನಲ್ಲಿ ಸ್ಕೋಪ್ ‘ಪ್ರೊವೈಡೆಡ್’ (ಸರ್ವರ್ ಕೊಡುತ್ತದೆ, ವಾರ್‌ಗೆ ಸೇರಿಸಬೇಡ) ಆಗಬೇಕು. ಹಾಗೆ ಸರಿಪಡಿಸಿದರು. 1.6ರಲ್ಲಿ ಸರ್ವರ್‌ನ ಹೆಸರಿಗೂ ಪ್ರಮಾಣಪತ್ರಕ್ಕೂ ತಾಳೆ ನೋಡುವುದು ತಾನಾಗಿ ನಡೆಯುವುದಿಲ್ಲವಾದ್ದರಿಂದ ಎಸ್‌ಎಸ್‌ಎಲ್.ಚೆಕ್‌ಸರ್ವರ್‌ಐಡೆಂಟಿಟಿಯನ್ನೂ ಟ್ರೂ ಮಾಡಿದರು.

ಪ್ರಶ್ನಾರ್ಥಕ ಚಿಹ್ನೆಗಳ ರಸೀದಿ

ಮೇಲ್ ತಲುಪತೊಡಗಿತು, ಕನ್ನಡ ತಲುಪಲಿಲ್ಲ. ವಿಷಯದ ಸಾಲಿನಲ್ಲಿ ‘ಅರ್ಜಿ’ ಇರಬೇಕಾದಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆ. ಕಣ್ಣಿಗೆ ಎರಡೇ ಅಕ್ಷರವಾದರೂ ಯೂನಿಕೋಡ್‌ನಲ್ಲಿ ಅದು ಅ, ರ, ವಿರಾಮ (‘್’ ಗುರುತು), ಜ, ಇಕಾರ ಎಂಬ ಐದು ಸಂಕೇತ. ಒಂದೊಂದಕ್ಕೂ ಒಂದೊಂದು ಚಿಹ್ನೆ. ಈ ಲೆಕ್ಕ ರೋಗಪತ್ತೆಗೆ ನೆರವಾಗುತ್ತದೆ. ಸಂಕೇತಕ್ಕೆ ಒಂದೊಂದು ಚಿಹ್ನೆ ಬಂದಿದ್ದರೆ, ಅಕ್ಷರವನ್ನು ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿಯಂಥ ಕಿರಿದಾದ ಕೋಡಿಂಗ್‌ಗೆ ಇಳಿಸುವಾಗಲೇ ಅದು ನಾಶವಾಗಿದೆ. ಓದುವವರ ಕಡೆ ಏನು ಮಾಡಿದರೂ ಮರಳಿ ಬಾರದು. ಒಂದೊಂದು ಸಂಕೇತಕ್ಕೆ ಮೂರು ಮೂರು ಅಪರಿಚಿತ ಲ್ಯಾಟಿನ್ ಗುರುತುಗಳು ಬಂದಿದ್ದರೆ, ಬೈಟ್‌ಗಳು ಉಳಿದಿವೆ, ಓದಿದ ಬಗೆ ತಪ್ಪಿದೆ.

ಜಾವಾ 17ರವರೆಗೂ ಡೀಫಾಲ್ಟ್ ಅಕ್ಷರಕೋಡಿಂಗ್ ಯಂತ್ರದ ಲೊಕೇಲನ್ನು (ಭಾಷೆ, ಪ್ರದೇಶದ ಸೆಟ್ಟಿಂಗ್) ಅವಲಂಬಿಸಿದೆ. 18ರಿಂದ ಎಲ್ಲೆಡೆ, ಎಲ್ಲ ಭಾಷೆಗೂ ಒದಗುವ ಯುಟಿಎಫ್-8. ಹಳೆಯ ಯಂತ್ರದಲ್ಲಿ ಲೊಕೇಲ್ ಯುಟಿಎಫ್-8 ಇತ್ತು. ಹೊಸದರಲ್ಲಿ ಟಾಮ್‌ಕ್ಯಾಟ್‌ಗೆ ಲೊಕೇಲ್ ಹೊಂದಿಸಿರಲಿಲ್ಲ, ಜಾವಾ ಆಸ್ಕಿ ಹಿಡಿಯಿತು. ಕೋಡ್‌ನಲ್ಲಿ ಮೇಲ್‌ನ ವಿಷಯ ಮತ್ತು ಒಡಲನ್ನು ತುಂಬುವ ಸೆಟ್‌ಸಬ್ಜೆಕ್ಟ್, ಸೆಟ್‌ಟೆಕ್ಸ್ಟ್ ಎರಡಕ್ಕೂ ಕೋಡಿಂಗ್ ಹೇಳಿರಲಿಲ್ಲ. ಟಾಮ್‌ಕ್ಯಾಟ್ ಶುರುವಾಗುವಾಗ ಓದುವ ಸೆಟ್‌ಇಎನ್‌ವಿ.ಎಸ್‌ಎಚ್‌ನಲ್ಲಿ ಫೈಲ್.ಎನ್‌ಕೋಡಿಂಗ್ ಯುಟಿಎಫ್-8 ಎಂದು ಸೇರಿಸಿದ್ದು ಅಂದಿನ ಪರಿಹಾರ. ಎರಡೂ ಕರೆಗಳಿಗೆ, ಕಳಿಸುವವರ ಹೆಸರಿಗೆ, ಲಗತ್ತಿಸಿದ ಪಿಡಿಎಫ್‌ನ ಹೆಸರಿಗೆ ಯುಟಿಎಫ್-8 ಎಂದು ಕೋಡ್‌ನಲ್ಲೇ ಬರೆದದ್ದು ನಿಜವಾದ ಪರಿಹಾರ. ಕನ್ನಡದಲ್ಲಿ ಮೇಲ್ ಕಳಿಸುವ ಯಾವುದೇ ಅಪ್ಲಿಕೇಶನ್‌ನ ಪರೀಕ್ಷೆಯಲ್ಲಿ ಒತ್ತಕ್ಷರವಿರುವ ಒಂದು ವಿಷಯದ ಸಾಲು ಇರಲೇಬೇಕು. ಇಂಗ್ಲಿಷ್‌ನ ‘ಟೆಸ್ಟ್ ಮೇಲ್’ ಈ ದೋಷವನ್ನು ಎಂದಿಗೂ ಹಿಡಿಯುವುದಿಲ್ಲ.

250 ಓಕೆ, ಆದರೂ ಸ್ಪ್ಯಾಮ್

ಸರ್ವರ್ 250 ಎಂದು ಒಪ್ಪಿಕೊಂಡರೆ ಮೇಲ್ ಸರತಿಗೆ ಸೇರಿದೆ ಎಂದರ್ಥ, ಅಷ್ಟೇ. ಅನೇಕ ವಿದ್ಯಾರ್ಥಿಗಳಿಗೆ ಅದು ಸ್ಪ್ಯಾಮ್ ಫೋಲ್ಡರಿಗೆ ಹೋಗುತ್ತಿತ್ತು. ಜಿಮೇಲ್‌ನಲ್ಲಿ ಒಂದು ಮೇಲ್ ತೆರೆದು ‘ಶೋ ಒರಿಜಿನಲ್’ ನೋಡಿದಾಗ ಎಸ್‌ಪಿಎಫ್ (ಒಂದು ಡೊಮೇನ್‌ನ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದೆಂಬ ದಾಖಲೆ) ಎದುರು ಪರ್ಮ್‌ಎರರ್ ಎಂದಿತ್ತು, ಅಂದರೆ ದಾಖಲೆಯೇ ತಪ್ಪಾಗಿದೆ.

ಡೊಮೇನ್‌ನ ಹಳೆಯ ಎಸ್‌ಪಿಎಫ್ ದಾಖಲೆ ಕಚೇರಿಯ ಐಪಿಗೆ ಮಾತ್ರ ಅನುಮತಿ ಕೊಟ್ಟಿತ್ತು. ಹೊಸ ಮೇಲ್ ಸೇವೆ ಹೇಳಿದ ಸಾಲನ್ನು ಡಿಎನ್‌ಎಸ್ (ಡೊಮೇನ್ ದಾಖಲೆಗಳ ವ್ಯವಸ್ಥೆ) ನೋಡಿಕೊಳ್ಳುವವರು ಎರಡನೆಯ ದಾಖಲೆಯಾಗಿ ಸೇರಿಸಿದ್ದರು. ಒಂದು ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು, ಎರಡಿದ್ದರೆ ಎರಡೂ ಅನೂರ್ಜಿತ. ಎರಡನ್ನೂ ಸೇರಿಸಿ ಒಂದು ಸಾಲು ಮಾಡಿದರು. ಆ ಸಾಲು ಪರಿಶೀಲಿಸಲು ಬೇಕಾಗುವ ಡಿಎನ್‌ಎಸ್ ಹುಡುಕಾಟ 10 ಮೀರಬಾರದೆಂಬುದನ್ನೂ ನೋಡಿಕೊಂಡರು. ಮೇಲ್ ನಡುವೆ ಬದಲಾಗಿಲ್ಲವೆಂದು ತೋರಿಸುವ ಡಿಕೆಐಎಂ ಸಹಿ ಹೊಂದಿಸಿ, ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಅನ್ನು ಮೊದಲಿಗೆ ‘ನನ್’ (ಏನೂ ಮಾಡಬೇಡ) ನೀತಿಯಲ್ಲಿಟ್ಟು ವರದಿ ತರಿಸಿಕೊಂಡರು. ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಈ ಮೂರನ್ನೂ ಜಿಮೇಲ್ 2024ರ ಫೆಬ್ರವರಿಯಿಂದ ಕಡ್ಡಾಯ ಮಾಡಿದೆ. ಅಷ್ಟು ಕಳಿಸದವರೂ ಹೊಂದಿಸುವುದೇ ಲೇಸು.

ವಿಚಾರಣೆಯ ಫಾರ್ಮ್‌ನಲ್ಲಿ ಇನ್ನೊಂದು ತಪ್ಪಿತ್ತು. ವಿದ್ಯಾರ್ಥಿಯ ವಿಳಾಸವನ್ನೇ ‘ಫ್ರಮ್’ನಲ್ಲಿ ಹಾಕಿ ಕಚೇರಿಗೆ ಮೇಲ್ ಕಳಿಸುತ್ತಿದ್ದರು. ಬೇರೆಯವರ ಡೊಮೇನ್‌ನ ಹೆಸರಿನಲ್ಲಿ ಕಳಿಸುವ ಹಕ್ಕು ಅಪ್ಲಿಕೇಶನ್‌ಗಿಲ್ಲ, ಡಿಮಾರ್ಕ್ ಅದನ್ನು ಸರಿಯಾಗಿಯೇ ತಡೆಯುತ್ತದೆ. ಫ್ರಮ್‌ನಲ್ಲಿ ಸಂಸ್ಥೆಯ ವಿಳಾಸ, ರಿಪ್ಲೈ-ಟುನಲ್ಲಿ ವಿದ್ಯಾರ್ಥಿಯ ವಿಳಾಸ ಎಂದು ಬದಲಿಸಿದರು.

ಮೇಲನ್ನು ಅರ್ಜಿಯಿಂದ ಬಿಡಿಸಿದ್ದು

ಇಷ್ಟಾದರೂ ಮೂಲ ಜೋಡಣೆ ಹಾಗೆಯೇ ಇತ್ತು. ನಾಳೆ ಮೇಲ್ ಸೇವೆ ನಿಧಾನವಾದರೆ ಶುಲ್ಕ ಮತ್ತೆ ನಿಲ್ಲುತ್ತದೆ. ಮೇಲ್ ಕಳಿಸುವುದನ್ನು ಹಿನ್ನೆಲೆಯ ಥ್ರೆಡ್‌ಗೆ ಒಪ್ಪಿಸಿಬಿಟ್ಟರೆ ಸಾಕೆಂದು ಒಂದು ವಾದ. ಅದು ಸುಲಭ. ಆದರೆ ಸರತಿ ಮೆಮೊರಿಯಲ್ಲಿರುವುದರಿಂದ ಟಾಮ್‌ಕ್ಯಾಟ್ ರೀಸ್ಟಾರ್ಟ್ ಆದರೆ ಕಾಯುತ್ತಿದ್ದ ಮೇಲ್‌ಗಳೆಲ್ಲ ಮಾಯ. ಅದೇ ಯಂತ್ರದಲ್ಲಿ ಒಂದು ಪೋಸ್ಟ್‌ಫಿಕ್ಸ್ ಇಟ್ಟು, ಲೋಕಲ್‌ಹೋಸ್ಟ್‌ಗೆ ಒಪ್ಪಿಸಿ, ಅಲ್ಲಿಂದ 587ಕ್ಕೆ ರಿಲೇ ಮಾಡುವುದು ಇನ್ನೊಂದು ವಾದ. ಇದು ಗಟ್ಟಿ ಪರಿಹಾರ, ಅನೇಕ ಕಡೆ ಇದೇ ಸಾಕು. ಇಲ್ಲಿ ಮಾತ್ರ ಯಾರ ರಸೀದಿ ಹೋಗಿದೆ, ಯಾರದ್ದು ಹೋಗಿಲ್ಲ ಎಂಬುದು ಕಚೇರಿಯ ಗುಮಾಸ್ತರಿಗೆ ಪರದೆಯ ಮೇಲೆ ಕಾಣಬೇಕಿತ್ತು.

ಹೀಗಾಗಿ ಡೇಟಾಬೇಸ್‌ನಲ್ಲೇ ಹೊರಹೋಗುವ ಮೇಲ್‌ಗಳ ಪಟ್ಟಿ ಎಂಬ ಒಂದು ಟೇಬಲ್ ಮಾಡಿದರು. ಅರ್ಜಿ ಉಳಿಸುವ ಟ್ರಾನ್ಸಾಕ್ಷನ್‌ನಲ್ಲೇ ಯಾರಿಗೆ, ಯಾವ ಬಗೆಯ ಮೇಲ್ ಎಂಬ ಒಂದು ಸಾಲು ಅದರಲ್ಲಿ ಬೀಳುತ್ತದೆ. ಅರ್ಜಿ ಉಳಿದರೆ ಸಾಲೂ ಉಳಿಯುತ್ತದೆ, ಅರ್ಜಿ ರದ್ದಾದರೆ ಸಾಲೂ ರದ್ದು. ಪ್ರತ್ಯೇಕ ಕೆಲಸವೊಂದು ಕೆಲವು ಸೆಕೆಂಡಿಗೊಮ್ಮೆ ಟೇಬಲ್ ನೋಡಿ ಮೇಲ್ ಕಳಿಸುತ್ತದೆ. ಪಿಡಿಎಫ್ ತಯಾರಾಗುವುದೂ ಆಗಲೇ. ಕಳಿಸುವ ಹೊತ್ತಿನಲ್ಲಿ ಯಾವ ಟ್ರಾನ್ಸಾಕ್ಷನ್ನೂ ತೆರೆದಿರುವುದಿಲ್ಲ. ಸಂಪರ್ಕಕ್ಕೆ 5 ಸೆಕೆಂಡ್, ಓದು ಬರಹಕ್ಕೆ 20 ಸೆಕೆಂಡ್ ಟೈಮ್‌ಔಟ್.

ಉತ್ತರದ ಸಂಖ್ಯೆ ನೋಡಿ ಮುಂದಿನ ಹೆಜ್ಜೆ ನಿಶ್ಚಯವಾಗುತ್ತದೆ. 4ರಿಂದ ಶುರುವಾದರೆ ತಾತ್ಕಾಲಿಕ: 1, 5, 15 ನಿಮಿಷ, ಆಮೇಲೆ ಗಂಟೆಗೊಮ್ಮೆ ಮರುಪ್ರಯತ್ನ. ವಿಳಾಸಕ್ಕೆ 5ರಿಂದ ಶುರುವಾಗುವ ಉತ್ತರ ಬಂದರೆ ಆ ವಿಳಾಸಕ್ಕೆ ಮತ್ತೆ ಪ್ರಯತ್ನವಿಲ್ಲ, ಗುಮಾಸ್ತರ ಪರದೆಯಲ್ಲಿ ಕೆಂಪು ಗುರುತು. 535 ಬಂದರೆ ಅದು ಪಾಸ್‌ವರ್ಡ್ ದೋಷ, ಒಂದು ಮೇಲ್‌ನದ್ದಲ್ಲ. ಇಡೀ ಸರತಿಯನ್ನೇ ನಿಲ್ಲಿಸಿ ಎಚ್ಚರಿಕೆ ಕೊಡುತ್ತದೆ. ಇಲ್ಲದಿದ್ದರೆ ಮರುಪ್ರಯತ್ನಗಳಿಂದಲೇ ಖಾತೆ ಲಾಕ್ ಆಗುವ ಅಪಾಯವಿದೆ. ಮೇಲ್ ಕಳಿಸಿ ‘ಕಳಿಸಿದೆ’ ಎಂದು ಬರೆಯುವ ಮುನ್ನ ಸರ್ವರ್ ಬಿದ್ದರೆ ಅದೇ ಮೇಲ್ ಎರಡು ಸಲ ಹೋಗಬಹುದು. ರಸೀದಿ ಎರಡು ಸಲ ಬಂದರೆ ತೊಂದರೆಯಿಲ್ಲ, ಬಾರದಿದ್ದರೆ ತೊಂದರೆ ಎಂದು ಅದನ್ನು ಒಪ್ಪಿಕೊಂಡರು. ಪೂಲ್‌ನಲ್ಲಿ ಕನೆಕ್ಷನ್‌ಗಾಗಿ ಕಾಯುವ ಹೊತ್ತಿಗೂ ಮಿತಿ ಹಾಕಿದರು.

ಹಳೆಯ ಬಾಕಿ

ಅಷ್ಟು ದಿನ ಹೋಗದೆ ಉಳಿದ ಮೇಲ್‌ಗಳನ್ನೆಲ್ಲ ಒಟ್ಟಿಗೆ ಕಳಿಸುವ ಉತ್ಸಾಹ ಸಹಜ. ತಂಡ ತಡೆದು ವಿಂಗಡಿಸಿತು. ಒಟಿಪಿಗಳು ಅವಧಿ ಮೀರಿದವು, ಕಳಿಸಿದರೆ ಗೊಂದಲವೇ ಹೆಚ್ಚು, ಬಿಟ್ಟರು. ಮೇಲಾಗಿ ಒಟಿಪಿಯ ಸಾಲಿಗೆ 10 ನಿಮಿಷದ ಗಡುವು ಇಟ್ಟು, ದಾಟಿದರೆ ಕಳಿಸದಂತೆ ಮಾಡಿದರು. ಸ್ವಾಗತದ ಮೇಲ್‌ಗಳನ್ನೂ ಬಿಟ್ಟರು. ಶುಲ್ಕದ ರಸೀದಿಗಳನ್ನು ಮಾತ್ರ, ಮೊದಲು ಗೇಟ್‌ವೇಯ ಪಾವತಿ ಪಟ್ಟಿಯ ಜೊತೆ ತಾಳೆ ನೋಡಿ, ‘ಪಾವತಿ ಬಾಕಿ’ ಎಂದು ಉಳಿದವನ್ನು ಸರಿಪಡಿಸಿ, ಒಂದೇ ಬಟನ್ ಹಲವು ಸಲ ಒತ್ತಿದ್ದರಿಂದ ಎರಡೆರಡಾದ ಅರ್ಜಿಗಳನ್ನು ಕೂಡಿಸಿ, ಆಮೇಲೆ ಟೇಬಲ್‌ಗೆ ಹಾಕಿದರು. ಹೊಸದಾಗಿ ಶುರುವಾದ ಕಳಿಸುವವರ ಖಾತೆಯಿಂದ ಒಮ್ಮೆಲೇ ರಾಶಿ ಮೇಲ್ ಹೊರಟರೆ ಸ್ವೀಕರಿಸುವವರು ಅನುಮಾನಿಸುತ್ತಾರೆಂದು ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಬಿಟ್ಟರು.

ಹಿಂದಿರುಗಿ ಬಂದ ರಸೀದಿಗಳಲ್ಲಿ ಹಲವು ವಿಳಾಸ ಬರೆಯುವಾಗಿನ ಕಾಗುಣಿತದ ತಪ್ಪಿನವು. ಅದಕ್ಕೆ ಮೇಲ್‌ನಲ್ಲಿ ಪರಿಹಾರವಿಲ್ಲ. ಹಾಗಾಗಿ ಲಾಗಿನ್ ಆದ ವಿದ್ಯಾರ್ಥಿಗೆ ತನ್ನ ಪುಟದಲ್ಲೇ ರಸೀದಿ ಇಳಿಸಿಕೊಳ್ಳುವ ಕೊಂಡಿ ಕೊಟ್ಟರು. ಪಾವತಿ ದಾಖಲಾದ ಕೂಡಲೇ ಅದು ಸಿಗುತ್ತದೆ, ಮೇಲ್ ಹೋಗಿರಲಿ ಬಿಡಲಿ.